ಮುಚ್ಚದ ತಾಯಿಹಾಳೆ

ನನ್ನ ಅಕ್ಕನ ಮಗಳು ನೀಲಗಂಗಾಳ ಲಗ್ನದ ಕಾರ್ಡು ಊರ ತುಂಬ ಹಂಚಿದ ದಿನವೇ ನಾನು ನನ್ನ ಹಿಟ್ಟಿನ ಗಿರಣಿಗೆ ಬೀಗ ಜಡಿದು, ಅಕ್ಕನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತೆ. ತಲೆಯ ಮೇಲೆ ಗೋಡೆಯಲ್ಲಿ ತಾಯಿಹಾಳೆ, ಕಿವಿಯ ಮೇಲೆ ಪೆನ್ನು. ನಮ್ಮ ಊರಿನಲ್ಲಿ ಸೋದರಮಾವನ ಕೆಲಸವೆಂದರೆ ಇದು. ಬೇರೆ ಕಡೆ ಸೋದರಮಾವ ಮದುಮಗಳನ್ನು ಎತ್ತಿಕೊಂಡು ಹಂದರಕ್ಕೆ ತರುತ್ತಾನಂತೆ. ಅವರ ಪುಣ್ಯ. ಅದು ಒಂದು ಗಳಿಗೆಯ ಸೊಂಟನೋವು. ನಮ್ಮಲ್ಲಿ ತಾಳಿ ಬೀಳುವವರೆಗೆ ಹಾಳೆ ಕಾಯಬೇಕು, ಮತ್ತು ಹಾಳೆಯ ಮುಂದೆ ಬಂದು ನಿಲ್ಲುವ ನೆಂಟರನ್ನು ಸಹಿಸಬೇಕು.

ಯಾವ ಹಾಳೆ ನೋಡಿ ಕಾರ್ಡು ಅಚ್ಚು ಹಾಕಿರುತ್ತಾರೋ ಅದು ತಾಯಿಹಾಳೆ. ತಾಯಿಯಲ್ಲಿ ಒಂದು ಕೊಂಬು ಬದಲಾದರೂ ಊರಿನ ಅಷ್ಟೂ ಕಾರ್ಡುಗಳಲ್ಲಿ ಆ ಕೊಂಬು ಬದಲಾಗುತ್ತದೆ. ಗೋಡೆಯ ಮಾಡಿನಲ್ಲಿಟ್ಟದ್ದು, ದೇವರ ಜಗಲಿಯ ಮೇಲಿಟ್ಟದ್ದು, ಶೇಂಗಾ ಕಟ್ಟಿಕೊಟ್ಟ ಪೊಟ್ಟಣವಾಗಿ ಹೋದದ್ದು, ಎಲ್ಲವೂ ಒಮ್ಮೆ ಸರಸರ ಎನ್ನುತ್ತವೆ, ಕೊಂಚ ಬಿಸಿಯಾಗುತ್ತವೆ, ಹೊಸದಾಗಿ ಓದಿಸಿಕೊಳ್ಳುತ್ತವೆ. ಆ ಸರಸರ ಕೇಳಿದರೆ ನಮ್ಮ ಊರಿನ ಹೆಂಗಸರು ಒಲೆಯ ಮೇಲಿನ ಹಾಲು ಬಿಟ್ಟು ಓಡುತ್ತಾರೆ, ಗಂಡಸರು ಅರ್ಧ ಬೋಳಿಸಿದ ಗದ್ದ ಹಿಡಿದುಕೊಂಡು ಬರುತ್ತಾರೆ. ಯಾರ ಹೆಸರು ಮೇಲೆ ಹೋಯಿತು, ಯಾರದು ಕೆಳಗೆ ಬಂತು, ಯಾರನ್ನು ತೆಗೆದು ಹಾಕಿದರು ಎಂದು ತಿಳಿಯಬೇಕಲ್ಲ. ಊರಿಗೆ ಸಿನಿಮಾ ಟಾಕೀಸು ಬಂದು ನಡೆಯದೆ ಹಾಳಾದದ್ದು ಇದೇ ಕಾರಣಕ್ಕೆ.

ಬರೆಯುವವನು ನಡುವೆ ಕೈ ನಿಲ್ಲಿಸಿದರೆ ಕಾರ್ಡೂ ನಡುವೆಯೇ ನಿಲ್ಲುತ್ತದೆ. ಹಿಂದೊಂದು ಲಗ್ನದಲ್ಲಿ ಒಬ್ಬ ಸೋದರಮಾವ ‘ಮಾಜಿ ಉಪಾಧ್ಯಕ್ಷರು’ ಎಂದು ಬರೆಯಲು ಹೋಗಿ ‘ಮಾಜಿ ಉಪಾ’ ಎನ್ನುವಷ್ಟರಲ್ಲಿ ಸೀನಿದ, ಸೀನಿದವನು ಹಾಗೇ ಊಟಕ್ಕೆ ಎದ್ದು ಹೋದ, ಅಷ್ಟರಲ್ಲಿ ತಾಳಿ ಬಿತ್ತು. ಆ ಹಿರಿಯ ಮನುಷ್ಯನನ್ನು ಇವತ್ತಿಗೂ ಊರು ಉಪಾ ಎಂದೇ ಕರೆಯುತ್ತದೆ.

ನಾನು ಕುಳಿತ ಮೊದಲ ದಿನವೇ ಮಂದಿ ಸುರುವಾದರು. ನನ್ನ ಭಾವ ತೋಟಪ್ಪನಿಗೆ ಇಬ್ಬರು ಕಾಕಂದಿರು, ದೊಡ್ಡವನು ಮತ್ತು ಸಣ್ಣವನು. ‘ಸುಖಾಗಮನ ಬಯಸುವವರು’ ಎಂಬಲ್ಲಿ ದೊಡ್ಡವನ ಹೆಸರು ಮೊದಲಿತ್ತು. ಸಣ್ಣವನು ಬಂದು ತೋಟಪ್ಪನ ಮುಂದೆ ಕಣ್ಣೊರೆಸಿಕೊಂಡ. ತೋಟಪ್ಪ ಒಳ್ಳೆಯ ಮನುಷ್ಯ. ಒಳ್ಳೆಯವನು ಎಂದರೆ ಯಾರು ಏನು ಹೇಳಿದರೂ ‘ಹೌದಲ್ಲ’ ಎನ್ನುವವನು. ಸಣ್ಣವನನ್ನು ಮೇಲೆ ತರಿಸಿದ. ಕಾರ್ಡು ಸರಸರ ಎಂದಿತು, ದೊಡ್ಡವನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿ ಬಂದ. ಅವನನ್ನು ಮೇಲೆ ತಂದೆವು. ಹೀಗೆ ಇಬ್ಬರೂ ಸಂಜೆಯವರೆಗೆ ಏಣಿ ಹತ್ತಿ ಇಳಿದರು. ಕಾರ್ಡಿನ ಸದ್ದಿಗೆ ಕೂಸುಗಳು ಮಲಗುತ್ತಿಲ್ಲವೆಂದು ಓಣಿಯ ಜನ ಕಾರ್ಡುಗಳನ್ನು ಒರಳುಕಲ್ಲಿನ ಕೆಳಗೆ ಇಟ್ಟರು.

“ಇಬ್ಬರ ಹೆಸರೂ ತಗದು ಒಗೀತೀನಿ,” ಎಂದು ನಾನು ಕೂಗಿದೆ. ಗಿರಣಿಯ ಸದ್ದಿನೊಳಗೆ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. “ಲಗ್ನ ನೀಲಗಂಗಾಂದೋ, ನಿಮ್ಮದೋ?”

“ಮಾತು ಹುಡುಗಿ ಅಪ್ಪನದು, ನೀ ಬರೀ ಬರೆಯಾಂವ,” ಎಂದ ದೊಡ್ಡ ಕಾಕಾ. “ಚಾ ಹೇಳು.”

ಚಾ ಬಂತು. ಚಾ ಯಾವಾಗಲೂ ಬರುತ್ತಿತ್ತು. ಬಂದವರಿಗೆಲ್ಲ ನನ್ನ ಅಕ್ಕ ಹಾಲವ್ವ ಚಾ ಸೋಸಿ ಕಳಿಸುತ್ತಿದ್ದಳು. ಹಾಳೆಯ ಮೇಲೆ ತನ್ನ ಹೆಸರು ಎಲ್ಲಿದೆ ಎಂದು ಕೇಳಲು ಬಾರದೆ ಇದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಅವಳ ಹೆಸರು ಅದರಲ್ಲಿ ಇರಲೂ ಇಲ್ಲ. ‘ಶ್ರೀಮತಿ ಮತ್ತು ಶ್ರೀ ತೋಟಪ್ಪ’ ಎಂದಿತ್ತು. ಹೆತ್ತವಳ ಪಾಲಿಗೆ ಅಷ್ಟು ಸಾಕು ಎಂದು ನಮ್ಮ ಊರಿನ ಲೆಕ್ಕ.

ಕಾಕಂದಿರ ಜಗಳಕ್ಕೆ ನಗಬಹುದು. ಆದರೆ ಹಾಳೆ ಕಾಯುವುದು ನಗುವ ಕೆಲಸವಲ್ಲ. ತಾಳಿ ಬಿದ್ದ ಗಳಿಗೆಯಲ್ಲಿ ತಾಯಿಹಾಳೆ ಮುಚ್ಚುತ್ತದೆ. ಆಮೇಲೆ ಅದರ ಮೇಲೆ ಯಾವ ಪೆನ್ನೂ ಊರುವುದಿಲ್ಲ, ಶಾಯಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಹೋಗುತ್ತದೆ. ಅಂದಿನಿಂದ ಆ ಹೆಣ್ಣಿನ ಎಲ್ಲ ಕಾಗದಗಳಿಗೂ ಆ ಹಾಳೆಯೇ ತಾಯಿ. ಶಾಲೆಯ ಸರ್ಟಿಫಿಕೇಟು, ರೇಷನ್ ಕಾರ್ಡು, ನೌಕರಿಯ ಆದೇಶ, ಕಡೆಗೆ ಗೋರಿಯ ಮೇಲಿನ ಕಲ್ಲು, ಎಲ್ಲವೂ ಹಾಳೆಯಲ್ಲಿ ಏನಿದೆಯೋ ಹಾಗೆ ತಿರುಗಿ ಕೂರುತ್ತವೆ. ಹಾಳೆಯಲ್ಲಿ ಇಲ್ಲದ್ದು ಅವಳ ಬಾಳಿನಲ್ಲೂ ಇಲ್ಲ. ಗಂಡಿನ ಕಾಗದಗಳು ಮಾತ್ರ ಇದ್ದ ಹಾಗೇ ಇರುತ್ತವೆ. ಯಾಕೆ ಎಂದು ಕೇಳಿದರೆ ಹಿರಿಯರು ಕೆಮ್ಮುತ್ತಾರೆ.

ನೀಲಗಂಗಾ ಪುರಸಭೆಯ ಒಬ್ಬಳೇ ವಾಟರ್‌ಮನ್. ಹೆಣ್ಣಾದರೂ ಹುದ್ದೆಯ ಹೆಸರು ಅದೇ. ಎದೆಯುದ್ದದ ಕಬ್ಬಿಣದ ಚಾವಿ ಹೆಗಲ ಮೇಲೆ ಹೊತ್ತು ಸೈಕಲ್ ಮೇಲೆ ಓಣಿ ಓಣಿ ತಿರುಗಿ, ವಾಲ್ ತೆಗೆದು ನೀರು ಬಿಡುತ್ತಾಳೆ. ಯಾವ ಓಣಿಯಲ್ಲಿ ಯಾರು ಮೋಟಾರು ಹಚ್ಚಿ ಪಕ್ಕದವರ ನೀರು ಎಳೆಯುತ್ತಾರೆಂದು ನೋಡಿ, ಅವರ ಬಾಗಿಲಲ್ಲೇ ನಿಂತು ಬೈಯುತ್ತಾಳೆ. ಬಾಯಿ ನಮ್ಮ ಕಡೆಯದು. ಆ ಕೆಲಸ ಅವಳಿಗೆ ಜೀವ. ಹಾಳೆಯಲ್ಲಿ ಅವಳ ಹೆಸರಿನ ಕೆಳಗೆ ನಾನೇ ಬರೆದಿದ್ದೆ: ‘ವಾಟರ್‌ಮನ್, ಪುರಸಭೆ’. ಈ ಗಂಡು ಒಪ್ಪಿಗೆಯೇ ಎಂದು ಕೇಳಿದಾಗ ಅವಳು “ನೋಡೋಣು” ಎಂದಿದ್ದಳು. ತೋಟಪ್ಪ ಅದನ್ನು ‘ಹೂಂ’ ಎಂದು ಮಾಡಿಕೊಂಡು ಊರಿಗೆಲ್ಲ ಹೇಳಿ ಬಂದಿದ್ದ.

ಗಂಡಿನ ಅಪ್ಪ ಅಮರಗುಂಡಪ್ಪ, ಪುರಸಭೆಯ ಮಾಜಿ ಅಧ್ಯಕ್ಷ. ಊರಿನ ಹಳೆಯ ಬಾವಿಗಳನ್ನೆಲ್ಲ ಮುಚ್ಚಿಸಿ ಮೇಲೆ ಅಂಗಡಿ ಕಟ್ಟಿಸಿದ ಪುಣ್ಯಾತ್ಮ. ಮೊದಲ ಸಲ ಬಂದವನು ತನ್ನ ಹೆಸರಿನ ಮುಂದೆ ‘ಜನಾನುರಾಗಿ’ ಎಂದು ಸೇರಿಸಿರಿ ಎಂದ. ಸೇರಿಸಿದೆ. ಊರು ಓದಿ ನಕ್ಕು ಸುಮ್ಮನಾಯಿತು. ಎರಡನೇ ಸಲ ಬಂದಾಗ ಮಗ ಬಸಲಿಂಗನನ್ನೂ ಕರೆತಂದಿದ್ದ. ಬಸಲಿಂಗನ ಹೆಸರಿನ ಕೆಳಗೆ ‘ವ್ಯಾಪಾರಸ್ಥರು’ ಎಂದಿತ್ತು. ಏನು ವ್ಯಾಪಾರ ಎಂದು ಊರಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಎಂದು ನನ್ನ ಅನುಮಾನ.

“ಇದೇನ್ರೀ ಬೀಗರೇ, ವಾಟರ್‌ಮನ್ ಅಂತ?” ಎಂದು ಅಮರಗುಂಡಪ್ಪ ಕೋಲಿನಿಂದ ಹಾಳೆ ತೋರಿಸಿದ. “ನಮ್ಮ ಸೊಸಿ ಚಾವಿ ಹೊತ್ತು ಗಟಾರ ದಾಟೋದನ್ನ ಊರಿಗೆ ಅಚ್ಚು ಹಾಕಿ ಹಂಚಬೇಕೇನು?”

“ದಾಟತಾಳ, ಅದಕ್ಕ ಬರದೀವಿ,” ಎಂದೆ ನಾನು. “ನಿಮ್ಮ ಮಗ ಏನ ದಾಟತಾನ ಹೇಳ್ರಿ, ಅದನ್ನೂ ಬರೀತೀನಿ.”

ಬಸಲಿಂಗ ಅಪ್ಪನ ಮುಖ ನೋಡಿದ. ಅಮರಗುಂಡಪ್ಪ ತೋಟಪ್ಪನ ಮುಖ ನೋಡಿದ. ತೋಟಪ್ಪ ನೆಲ ನೋಡಿದ, ಆಮೇಲೆ “ಹೌದಲ್ಲ” ಎಂದ.

“ಏನು ಹೌದಲ್ಲ? ಆ ಸಾಲು ಹೋದರ ತಾಳಿ ಬಿದ್ದ ಗಳಿಗೆಗೆ ಆಕಿ ಆರ್ಡರು ಖಾಲಿ ಆಗತೈತಿ. ಕೆಲಸಾ ಹೋಗತೈತಿ. ನಿನಗ ತಿಳಿಯಂಗಿಲ್ಲೇನು ಭಾವಾ?”

“ತಿಳಿತೈತಿ ನಿರುಪಾದಿ. ಆದರ ಬೀಗರು ಬ್ಯಾರೆ ಹೇಳಾಕತ್ತಾರಲ್ಲ.”

ನಾನು ಬರೆಯುವುದಿಲ್ಲ ಎಂದೆ. ತೋಟಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಕಾಲ ಮುಂದೆ ಹಾಸಿದ. ಅಕ್ಕನ ಗಂಡ ಕಾಲು ಹಿಡಿಯಲು ಬಂದರೆ ಏನು ಮಾಡುವುದು? ಒದೆಯಬೇಕು ಅನಿಸಿತು. ಒದೆಯಲಾಗದ್ದಕ್ಕೆ ಪೆನ್ನು ಕಿತ್ತು ಅವನ ಮುಂದೆ ಎಸೆದೆ. “ನಿನ್ನ ಕೈಯಾರ ಅಳಿಸಿಕೋ,” ಎಂದೆ. ಅವನು ಅಳಿಸಿದ. ಹೊಡೆದ ಗೆರೆಯೂ ಸೊಟ್ಟ. ಹೊರಗೆ ಓಣಿಯುದ್ದಕ್ಕೂ ಸರಸರ ಎಂದಿತು.

ಮೂರನೇ ಸಲ ಅಮರಗುಂಡಪ್ಪ ಬಂದಾಗ ನಾನು ಎದ್ದೇ ನಿಂತಿದ್ದೆ.

“ಹುಡುಗಿ ಹೆಸರು ಒಂದೀಟು ಸುಧಾರಣೆ ಮಾಡಬೇಕ್ರೀ,” ಎಂದ, ಮನೆಗೆ ಸುಣ್ಣ ಹೊಡೆಸುವವನ ಹಾಗೆ. “ನಮ್ಮ ಮನಿ ಸೊಸ್ಯಾರಿಗೆಲ್ಲಾ ಕಡೀಗೆ ಶ್ರೀ ಐತಿ. ದೊಡ್ಡಾಕಿ ರಾಜಶ್ರೀ, ನಡುವಿನಾಕಿ ವಿಜಯಶ್ರೀ. ಈಕಿ ಧನಶ್ರೀ ಆಗಲಿ.”

“ಅವರಿಬ್ಬರ ಮೊದಲಿನ ಹೆಸರು ಏನಿದ್ದುವು?” ಎಂದು ಕೇಳಿದೆ.

ಅಮರಗುಂಡಪ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹಣೆ ಸುಕ್ಕಾಯಿತು. “ಏನೋ ಇದ್ದುವಪಾ,” ಎಂದ.

ಒಳಗೆ ಚಾ ಉಕ್ಕಿ ಒಲೆಗೆ ಬಿದ್ದು ಚುಂಯ್ ಎಂದಿತು. ಅಕ್ಕ ಸೋಸಣಿಗೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಆಗ ನನಗೆ ಬಂದ ಸಿಟ್ಟು ಅಮರಗುಂಡಪ್ಪನ ಮೇಲಿನದಷ್ಟೇ ಅಲ್ಲ, ಬಹಳ ಹಳೆಯದು. ನನ್ನ ಅಕ್ಕ ಹಾಲವ್ವಳಾಗಿ ಹುಟ್ಟಿದವಳಲ್ಲ. ಅವಳು ದೇವೀರವ್ವ. ತೋಟಪ್ಪನ ಅಮ್ಮನಿಗೆ ಆ ಹೆಸರು ಹಳೆಯದಾಯಿತು, ಲಗ್ನದ ಹಿಂದಿನ ದಿನ ಹಾಳೆಯ ಮೇಲೆ ಹಾಲವ್ವ ಎಂದು ಬರೆಸಿದಳು, ಮರುದಿನ ತಾಳಿ ಬಿತ್ತು, ಹಾಳೆ ಮುಚ್ಚಿತು. ಅವಳ ಶಾಲೆಯ ದಾಖಲೆ ತಿರುಗಿತು. ತವರಿನ ಗೋಡೆಯ ಮೇಲೆ ಅವಳು ಇದ್ದಿಲಿನಿಂದ ಗೀಚಿಕೊಂಡ ಹೆಸರು ನಮ್ಮೆಲ್ಲರ ಕಣ್ಣ ಮುಂದೆಯೇ ಕಲಸಿ ಬೇರೆಯಾಯಿತು. ನಮ್ಮವ್ವ ಆ ಗೋಡೆಗೆ ಬೆನ್ನು ಹಾಕಿ ಕುಳಿತು ಬಿಟ್ಟಳು. ಅಂದಿನಿಂದ ಆ ಹೆಸರು ಯಾವ ಕಾಗದದ ಮೇಲೂ ಇರಲಿಲ್ಲ, ಬರೆದರೂ ನಿಲ್ಲುತ್ತಿರಲಿಲ್ಲ. ತೆರೆದ ತಾಯಿಹಾಳೆಯ ಮೇಲಾದರೆ ಪೆನ್ನು ಬರೆದದ್ದು ನಿಲ್ಲುತ್ತದೆ, ಆದರೆ ಲಗ್ನದ ಹಾಳೆಯಲ್ಲಿ ಹೆತ್ತವಳ ಹೆಸರು ಬರೆಯುವವರು ಯಾರು? ಬಾಯಿಗೆ ಮಾತ್ರ ತಾಯಿಹಾಳೆ ಇಲ್ಲ. ನಾವಿಬ್ಬರೇ ಇದ್ದಾಗ ನಾನು ದೇವೀರಕ್ಕ ಎನ್ನುತ್ತೇನೆ. ಬೇರೆಯವರ ಮುಂದೆ ಬರೀ ಅಕ್ಕ.

ನಾನು ಅಮರಗುಂಡಪ್ಪನಿಗೆ ಅಂದದ್ದನ್ನು ಇಲ್ಲಿ ಹೇಳುವಂತಿಲ್ಲ, ಕೇಳುವವರ ಮನೆಯಲ್ಲಿ ಮಕ್ಕಳಿರುತ್ತಾರೆ. ಅವನು ಎದ್ದು, “ಹಂಗಾದರ ಕಾರ್ಡಿನಾಗಿಂದ ನನ್ನ ಮಗನ ಹೆಸರ ತಗೀರಿ,” ಎಂದ. ತೋಟಪ್ಪ ಹೆಂಡತಿಯ ಕಡೆ ನೋಡದೆ, ನನ್ನ ಕಡೆ ನೋಡದೆ, ಪೆನ್ನು ತೆಗೆದುಕೊಂಡು ಮಗಳ ಹೆಸರು ಹೊಡೆದು ಹಾಕಿದ. ‘ಧನಶ್ರೀ’. ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರು ಬಾಗಿಲಿಗೆ ಬಂದರು. “ತೋಟಪ್ಪಣ್ಣಾ, ನಿನಗ ಇನ್ನೊಬ್ಬಾಕಿ ಮಗಳ ಅದಾಳ ಅಂತ ಹೇಳೇ ಇಲ್ಲಲ್ಲೋ!”

ನೀಲಗಂಗಾ ಡ್ಯೂಟಿ ಮುಗಿಸಿ ಬಂದು, ಚಾವಿ ಗೋಡೆಗೆ ಒರಗಿಸಿ, ಹಾಳೆ ಓದಿದಳು.

“ಈಕಿ ಯಾರು ಮಾಮಾ?”

“ನೀನ.”

“ಹೌದಾ? ಪಾಪ,” ಎಂದಳು. ಕೈ ತೊಳೆದುಕೊಂಡು ಉಣ್ಣಲು ಕುಳಿತಳು. ಎರಡು ರೊಟ್ಟಿ ಮುರಿದಾದ ಮೇಲೆ ತಾಯಿಯನ್ನು ಕೇಳಿದಳು: “ನೀ ಏನ ಅಂತೀ ಯವ್ವಾ?” ಅಕ್ಕ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ಏನೆಂದು ತಿಳಿಯಬೇಕೋ ನನಗೆ ಆಗ ಗೊತ್ತಾಗಲಿಲ್ಲ.

ಇಲ್ಲಿಗೆ ನಿಂತಿದ್ದರೆ ಅಮರಗುಂಡಪ್ಪ ಗೆದ್ದಂತೆಯೇ ಇತ್ತು. ಆದರೆ ದೊಡ್ಡಸ್ತಿಕೆಗೆ ತಡೆದುಕೊಳ್ಳುವುದು ಬರುವುದಿಲ್ಲ. ಲಗ್ನದ ವಾರ ಸೊಸೆಯಾಗುವವಳು ಚಾವಿ ಹೊತ್ತು ತಿರುಗುವುದನ್ನು ತನ್ನ ನೆಂಟರು ನೋಡಬಾರದೆಂದು ಅವನಿಗೆ ಅವಸರ. ಪುರಸಭೆಗೆ ಹೋಗಿ, ಅವಳ ನೌಕರಿಯ ಆದೇಶವನ್ನು ತಾಳಿಗೆ ಮೊದಲೇ ಕಾರ್ಡು ನೋಡಿ ಬರೆಸಿದ. ಮಾಜಿ ಅಧ್ಯಕ್ಷನ ಮಾತು, ಮುಖ್ಯಾಧಿಕಾರಿ ನಿಂತೇ ಬರೆಸಿಕೊಟ್ಟ. ಕಾರ್ಡು ನೋಡಿ ಬರೆದ ಮೇಲೆ ಆದೇಶ ಕಾರ್ಡಿನ ಮರಿಯಾಯಿತು. ಹೆಸರು ಧನಶ್ರೀ. ಹುದ್ದೆ ಎಂಬಲ್ಲಿ ಬಿಳಿ.

ನೀಲಗಂಗಾ ಚಾವಿ ಒಪ್ಪಿಸಲು ಪುರಸಭೆಗೆ ಹೋದಳು. “ಯಾರ ಕೈಯಾಗ ಕೊಡಲಿ ಸರ್?” ಎಂದು ಕೇಳಿದಳು. ವಾಟರ್‌ಮನ್ ಹುದ್ದೆಯೇ ಕಾಗದದಲ್ಲಿ ಇಲ್ಲ, ಕೊಡುವುದು ಯಾರಿಗೆ? ಮುಖ್ಯಾಧಿಕಾರಿ ಬಹಳ ಹೊತ್ತು ತಲೆ ಕೆರೆದುಕೊಂಡು, “ಸದ್ಯಕ್ಕ ನಿನ್ನ ಕಡೆನೇ ಇರಲಿ, ಆದರ ಮುಟ್ಟಬ್ಯಾಡ,” ಎಂದ. ಚಾವಿ ಮನೆಗೆ ಬಂತು. ಊರಿನ ನಲ್ಲಿಗಳು ಒಣಗಿದವು. ನೀರಿನ ಟಾಕಿ ತುಂಬಿ ತುಳುಕುತ್ತಿತ್ತು, ಆದರೆ ಕಾಗದ ಹೇಳದ ಕೆಲಸಕ್ಕೆ ನಮ್ಮ ಊರಿನವರ ಕೈ ಏಳುವುದಿಲ್ಲ. ಇದಕ್ಕೆ ಅವರು ಶಿಸ್ತು ಎನ್ನುತ್ತಾರೆ. ಬಾಯಾರಿ ಸತ್ತರೂ ಸತ್ತದ್ದರ ಕಾಗದ ಸರಿ ಇದ್ದರೆ ಅವರಿಗೆ ಸಮಾಧಾನ. ಬಾವಿಗಳ ಮೇಲೆ ಅಂಗಡಿ ಇದ್ದವು. ಕೊಡದೊಳಗೆ ಉಳಿಸಿಟ್ಟ ನೀರಿನಲ್ಲಿ ಜನ ಎರಡು ದಿನ ಮುಖ ಮಾತ್ರ ತೊಳೆದರು.

ಲಗ್ನದ ದಿನ ಬೆಳಗಾಯಿತು. ಅಕ್ಕನ ಮನೆಯ ಮುಂದಿನ ಹಂದರದಲ್ಲಿ ಊರೇ ಬಂದು ಕುಳಿತಿತ್ತು, ಎಲ್ಲರ ಕಿಸೆಯಲ್ಲೂ ಕಾರ್ಡು. ನಮ್ಮಲ್ಲಿ ಕಾರ್ಡು ಇಲ್ಲದೆ ಬಂದರೆ ಎಲೆ ಹಾಕುವುದಿಲ್ಲ. ಬಿಸಿಲು ಏರಿತು. ಹಿಂದಿನ ಅಂಗಳದಲ್ಲಿ ಅಡಿಗೆಯವರು ಹುಗ್ಗಿಯ ಹಂಡೆಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದರು. ನೀರಿಲ್ಲದೆ ಗೋಧಿ ಬೇಯುವುದಿಲ್ಲವಲ್ಲ. ದೊಡ್ಡ ಕಾಕಾ ಬೆಲ್ಲದ ಉಂಡೆ ತಿಂದು ಬಿಕ್ಕಳಿಸುತ್ತಿದ್ದ, ಸಣ್ಣ ಕಾಕಾ ಅವನ ಬೆನ್ನು ತಟ್ಟುತ್ತ ನಗುತ್ತಿದ್ದ.

“ಯಾರಾರ ಹೋಗಿ ವಾಲ್ ತಗೀರಪಾ!” ಎಂದು ಅಮರಗುಂಡಪ್ಪ ಹಂದರದ ನಡುವೆ ನಿಂತು ಕೂಗಿದ.

“ಕಾಗದದಾಗ ಯಾರೂ ಇಲ್ಲರೀ,” ಎಂದ ಮುಖ್ಯಾಧಿಕಾರಿ, ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ. “ಹೊಸಬರನ್ನ ನೇಮಕ ಮಾಡಬೇಕಂದ್ರ ಮೀಟಿಂಗ್ ಆಗಬೇಕು. ಮೆಂಬರುಗಳು ಎಲ್ಲಾ ಇಲ್ಲೇ ಕುಂತಾರ, ಆದರ ಮೀಟಿಂಗಿಗೆ ಚಾ ಬೇಕು. ಚಾಕ್ಕ ನೀರ ಬೇಕು.”

ಅಮರಗುಂಡಪ್ಪ ಪಡಸಾಲೆಗೆ ಬಂದ. ನೀಲಗಂಗಾ ಅರಿಷಿಣ ಹಚ್ಚಿಕೊಂಡು, ಬಾಸಿಂಗ ಕಟ್ಟಿಕೊಂಡು, ತಾಯಿಹಾಳೆಯ ಕೆಳಗೆ ಮಣೆಯ ಮೇಲೆ ಕುಳಿತಿದ್ದಳು. ಚಾವಿ ಪಕ್ಕದಲ್ಲಿ ಗೋಡೆಗೆ ಒರಗಿತ್ತು.

“ಏಳವಾ, ಒಂದು ಸಲ ಹೋಗಿ ವಾಲ್ ತಿರುವಿ ಬಾ.”

“ಯಾರಿಗೆ ಹೇಳಾಕತ್ತೀರಿ?”

“ನಿನಗವಾ, ಧನಶ್ರೀ.”

“ಧನಶ್ರೀಗೆ ವಾಲ್ ತಿರುವಾಕ ಬರಂಗಿಲ್ಲರೀ. ಆಕಿ ದೊಡ್ಡ ಮನೆತನದಾಕಿ. ಗಟಾರ ದಾಟಂಗಿಲ್ಲ.”

ಹೊರಗೆ ಯಾರೋ ನಕ್ಕರು. ಒಬ್ಬರು ನಕ್ಕರೆ ಸಾಕು, ಬಾಯಾರಿದ ಹಂದರ ಪೂರ್ತಿ ನಕ್ಕಿತು. ಅಮರಗುಂಡಪ್ಪನ ಮುಖ ಇಟ್ಟಿಗೆಯಾಯಿತು. ಅವನು ನನ್ನ ಕಡೆ ತಿರುಗಿ, “ನಿರುಪಾದೆಪ್ಪನವರೇ, ಆ ಸಾಲು ತಿರುಗಿ ಬರೀರಿ,” ಎಂದು ಮೆಲ್ಲಗೆ ಹೇಳಿದ.

“ಗಿರಣಿ ಕೆಲಸ ನಂದು, ಕಿವಿ ಮಂದ. ಜೋರಾಗಿ ಹೇಳ್ರಿ.”

“ವಾಟರ್‌ಮನ್ ಅಂತ ಬರೀರಿ!”

“ಹೊರಗ ಕುಂತೋರಿಗೆ ಕೇಳಿಸಲಿಲ್ಲ.”

ಮೂರನೇ ಸಲ ಅವನು ಕೂಗಿದ್ದು ಪಕ್ಕದ ಓಣಿಗೂ ಕೇಳಿಸಿತು. ನಾನು ಕಿವಿಯಿಂದ ಪೆನ್ನು ತೆಗೆದೆ. ಬರೆಯಲು ಗೋಡೆಯ ಕಡೆ ತಿರುಗುವಷ್ಟರಲ್ಲಿ ನೀಲಗಂಗಾ ಎದ್ದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮದುಮಗಳು ಪೆನ್ನು ಹಿಡಿಯಬಾರದೆಂಬ ಕಟ್ಟಳೆ ನಮ್ಮಲ್ಲಿ ಇಲ್ಲ. ಹಿಡಿದವರು ಇರಲಿಲ್ಲ, ಅಷ್ಟೇ. ಅವಳು ಧನಶ್ರೀ ಎಂಬುದನ್ನು ಹೊಡೆದು ನೀಲಗಂಗಾ ಎಂದು ಬರೆದಳು. ಕೆಳಗೆ ‘ವಾಟರ್‌ಮನ್, ಪುರಸಭೆ’ ಎಂದು ಬರೆದಳು. ಹಂದರದಲ್ಲಿ ಅಷ್ಟೂ ಜನರ ಕಿಸೆಗಳು ಸರಸರ ಎಂದವು, ಹಕ್ಕಿಯ ಹಿಂಡು ಎದ್ದ ಹಾಗೆ. ಮುಖ್ಯಾಧಿಕಾರಿ ಕಾರ್ಡು ಓದಿ, ಚೀಲದೊಳಗಿನ ಆದೇಶ ಓದಿ, “ಬಂತು, ಬಂತು!” ಎಂದು ಕೈ ಎತ್ತಿದ.

ಅವಳು ಪೆನ್ನು ಕೊಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬಸಲಿಂಗನ ಕಡೆ ತಿರುಗಿದಳು.

“ಇಷ್ಟು ದಿನ ಇಷ್ಟೆಲ್ಲಾ ಆತು. ನೀವು ಏನಾರ ಹೇಳೋದು ಐತೇನು?”

ಬಸಲಿಂಗ ಬಾಸಿಂಗ ಸರಿ ಮಾಡಿಕೊಂಡ. ಅಪ್ಪನ ಮುಖ ನೋಡಿದ. “ಅಪ್ಪಾಜಿ ಹೆಂಗಂತಾರೋ ಹಂಗ,” ಎಂದ. ಆಮೇಲೆ, ತನ್ನದೇ ಮಾತು ಎಂದು ಏನಾದರೂ ಇರಲಿ ಎಂದೋ ಏನೋ, “ನನಗೂ ನೀರ ಬೇಕಾಗೇತಿ,” ಎಂದು ಸೇರಿಸಿದ.

“ಕೊಡತೀನಿ,” ಎಂದಳು ನೀಲಗಂಗಾ. ಹಾಳೆಯಲ್ಲಿ ‘ಚಿ. ಬಸಲಿಂಗ’ ಎಂದಿದ್ದಲ್ಲಿ ಬಸಲಿಂಗನನ್ನು ಹೊಡೆದಳು. ಚಿ. ಉಳಿಯಿತು, ಮುಂದೆ ಖಾಲಿ. ಪೆನ್ನು ನನ್ನ ಕಿವಿಗೆ ಸಿಕ್ಕಿಸಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಾವಿ ಹೆಗಲಿಗೇರಿಸಿ, ಬಾಸಿಂಗದ ಸಮೇತ ಸೈಕಲ್ ಹತ್ತಿದಳು. ಸ್ವಲ್ಪ ಹೊತ್ತಿಗೆ ಅಂಗಳದ ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ನೀರು.

ತೋಟಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ಊರು ಮಾತ್ರ ಹುಗ್ಗಿ ಬೇಯುವವರೆಗೆ ಕಾದು, ಎರಡೆರಡು ಸಲ ಬಡಿಸಿಕೊಂಡು ಉಂಡಿತು. ಲಗ್ನ ಮುರಿದ ಹಂದರದಿಂದ ಊಟ ಬಿಟ್ಟು ಎದ್ದವರು ಒಬ್ಬರೂ ಇಲ್ಲ. ಗಂಡಿನ ಕಡೆಯವರೂ ಉಂಡರು. ಅಮರಗುಂಡಪ್ಪ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡದ್ದನ್ನು ನಾನೇ ನೋಡಿದೆ.

ತಾಳಿ ಬೀಳದ ಹಾಳೆ ಮುಚ್ಚುವುದಿಲ್ಲ. ಅದು ಮುಚ್ಚುವವರೆಗೆ ಸೋದರಮಾವ ಏಳುವ ಹಾಗಿಲ್ಲ. ಹಾಗೆಂದು ಊರು ಹಿಟ್ಟಿಲ್ಲದೆ ಇರಲಾದೀತೆ? ನಾನು ಹಾಳೆಯನ್ನೇ ತಂದು ಗಿರಣಿಯ ಗೋಡೆಗೆ ಹಚ್ಚಿದೆ. ಊರಿನ ಮನೆಗಳಲ್ಲಿ ಕಾರ್ಡುಗಳು ಇನ್ನೂ ಇವೆ. ಯಾರೂ ಒಗೆಯಲಾರರು, ಚಿ. ಎಂಬುದರ ಮುಂದೆ ಯಾರು ಬರುತ್ತಾರೋ ಎಂಬ ಚಪಲ. ಜೋಳ ಬೀಸಿಸಲು ಬರುವ ನೆಪದಲ್ಲಿ ಗಂಡುಮಕ್ಕಳ ಅಪ್ಪಂದಿರು ಬರುತ್ತಾರೆ, ಹಾಳೆಯ ಕಡೆ ಓರೆಗಣ್ಣು ಬಿಡುತ್ತಾರೆ. “ಹುಡುಗಿನ್ನ ಕೇಳ್ರಿ,” ಎನ್ನುತ್ತೇನೆ ನಾನು. ನೀಲಗಂಗಾ “ನೋಡೋಣು” ಎನ್ನುತ್ತಾಳೆ. ಈಗ ಅದನ್ನು ಹೂಂ ಎಂದು ತಿಳಿಯುವ ಧೈರ್ಯ ಯಾರಿಗೂ ಇಲ್ಲ.

ಮೊನ್ನೆ ಅಕ್ಕ ಜೋಳದ ಡಬ್ಬಿ ತಲೆಯ ಮೇಲೆ ಹೊತ್ತು ಬಂದಳು. ಗಿರಣಿಯಲ್ಲಿ ನಾವಿಬ್ಬರೇ. ಡಬ್ಬಿ ಇಳಿಸಿದೆ, ಜೋಳ ಸುರಿದೆ, ಪಟ್ಟಾ ತಿರುಗತೊಡಗಿತು. ಅಕ್ಕ ಹಾಳೆಯ ಮುಂದೆ ನಿಂತು, ಅದರ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಿವಿಯಿಂದ ಪೆನ್ನು ತೆಗೆದಳು. ಕೇಳಲಿಲ್ಲ, ತೆಗೆದಳು.

ಅವಳು ಪೆನ್ನು ಹಿಡಿದು ಎಷ್ಟು ಕಾಲವಾಗಿತ್ತೋ. ಒಂದೊಂದು ಅಕ್ಷರಕ್ಕೂ ನಿಂತು, ಬೆರಳು ಬಿಡಿಸಿಕೊಂಡು, ಮತ್ತೆ ಬರೆದಳು. ‘ದೇ’ ಎಂದು ಬರೆದು ನಿಂತಾಗ ಓಣಿಯಲ್ಲಿ ಗದ್ದಲ ಎದ್ದಿತು. ಗಂಡಿನ ಹೆಸರು ಬಂತೆಂದು ಊರು ಹೊರಗೆ ಬಿದ್ದಿತ್ತು.

“ದೇಸಾಯರ ಮನಿ ಹುಡುಗ! ನಾ ಮೊದಲ ಹೇಳಿದ್ದೆ!”

“ಎಲ್ಲಿ ದೇಸಾಯಿ, ‘ದೇವೀ’ ಅಂತ ಬಂತಲ್ಲೋ. ದೇವೀಂದ್ರ! ಕಿರಾಣಿ ಅಂಗಡಿ ದೇವೀಂದ್ರ!”

“ಅಯ್ಯ, ಅದು ಚಿ. ಮುಂದ ಬಂದಿಲ್ಲ ನೋಡ್ರಿ. ಕೆಳಗ ಬರಾಕತ್ತೈತಿ.”

ಹೌದು, ಕೆಳಗೆ. ‘ಶ್ರೀಮತಿ ಮತ್ತು ಶ್ರೀ ತೋಟಪ್ಪ’ ಎಂಬಲ್ಲಿ ಶ್ರೀಮತಿಯನ್ನು ಹೊಡೆದು ಅವಳು ಬರೆಯುತ್ತಿದ್ದಳು. ಕಡೆಯ ಅಕ್ಷರಕ್ಕೆ ಒತ್ತು ಹಾಕಿ, ಹಿಂದೆ ಸರಿದು ನೋಡಿದಳು. ‘ದೇವೀರವ್ವ ಮತ್ತು ಶ್ರೀ ತೋಟಪ್ಪ’. ಅಕ್ಷರ ನಿಂತವು. ಕಲಸಲಿಲ್ಲ, ಬೇರೆಯಾಗಲಿಲ್ಲ. ಹೊರಗಿನ ಗದ್ದಲ ನಿಂತು ಹೋಯಿತು. ಅಷ್ಟು ದೊಡ್ಡ ಊರಿನಲ್ಲಿ ಅದು ಯಾರೆಂದು ಒಬ್ಬರಿಗೂ ತಿಳಿಯಲಿಲ್ಲ.

“ಲಗ್ನದ ದಿನ ನೀಲಗಂಗಾ ಪೆನ್ನು ಹಿಡಿದಾಗ ಬರೀಬೇಕಿತ್ತು ದೇವೀರಕ್ಕ,” ಎಂದೆ. ನನ್ನ ದೊಡ್ಡ ದನಿ ಎಲ್ಲಿ ಹೋಯಿತೋ.

“ಆ ದಿನ ಮಂದಿ ಭಾಳ ಇದ್ದರು. ನೀರ ಬಂದ ಮ್ಯಾಲ ಎಲ್ಲಾರಿಗೂ ಚಾ ಸೋಸಬೇಕಿತ್ತು,” ಎಂದಳು.

ಹಿಟ್ಟು ತುಂಬಿಸಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ, ತೋಟಪ್ಪ ಏದುಸಿರು ಬಿಡುತ್ತ ಗಿರಣಿಗೆ ನುಗ್ಗಿದ. ಕೈಯಲ್ಲಿ ಕಾರ್ಡು ಇನ್ನೂ ಬಿಸಿಯಿತ್ತು.

“ಏ ನಿರುಪಾದಿ, ಇದೇನಲೇ ಇದು? ಊರೆಲ್ಲಾ ನನ್ನ ಕೇಳಾಕತ್ತೈತಿ. ನನ್ನ ಹೆಂಡ್ತಿ ಇರೋ ಜಾಗದಾಗ ಯಾವಾಕಿದೋ ಹೆಸರು ಬರದೀಯಲ್ಲ! ಯಾರಿಕೀ ದೇವೀರವ್ವ?”

ನಾನು ಬಾಯಿ ತೆರೆದೆ. ಅಕ್ಕ ಕೈ ಎತ್ತಿ ನನ್ನನ್ನು ತಡೆದಳು. ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಹಿಟ್ಟಿನ ಡಬ್ಬಿಯನ್ನು ಎತ್ತಿ ಅವನ ತಲೆಯ ಮೇಲಿಟ್ಟಳು.

“ನಡೀರಿ ಮನೀಗೆ,” ಎಂದಳು. “ದಾರಿಯೊಳಗ ಹೇಳತೀನಿ.”